ಮಳೆಗೆ ಮೊದಲು ಒಂದು ತೊಲೆ: ಬೇಲೂರಿನ ಊಟದ ಮನೆಯಿಂದ ಬಹಿರಂಗ ಪತ್ರ

ಬೇಲೂರಿನ ಗುಡಿ ಮತ್ತು ಅದರ ಸುತ್ತಲಿನ ಬೀದಿಗಳ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ, ನಮ್ಮ ಊರಿನವರಿಗೆ,

ನಮಸ್ಕಾರ.

ಹೋದ ಮಾರ್ಚ್‌ನಲ್ಲಿ ನಾನು ಒಂದು ಅರ್ಜಿ ತುಂಬಿದೆ. ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ತೊಲೆ ಬದಲಿಸಬೇಕಿತ್ತು. ಮನೆ ಚೆನ್ನಕೇಶವನ ಗುಡಿಗೆ ಕೂಗಳತೆ ದೂರದಲ್ಲಿದೆ. ಗುಡಿ ಸಂರಕ್ಷಿತ ಸ್ಮಾರಕ, ಹಾಗಾಗಿ ಅನುಮತಿ ಬೇಕು. ಅರ್ಜಿ ತುಂಬುವಾಗ ಎರಡು ಪ್ರಶ್ನೆಗಳ ಹತ್ತಿರ ಕೈ ನಿಂತುಬಿಟ್ಟಿತು. ಕಟ್ಟಡ ಯಾವ ಕಾಲದ್ದು? ಬಳಕೆ ವಾಸಕ್ಕೋ, ವ್ಯಾಪಾರಕ್ಕೋ?

ಮೊದಲನೆಯದಕ್ಕೆ 'ಸುಮಾರು ನೂರು ವರ್ಷ' ಅಂತ ಬರೆದೆ. ಎರಡನೆಯದಕ್ಕೆ 'ಎರಡೂ' ಅಂತ ಬರೆದೆ. ಒಂದನ್ನು ಹೊಡೆದುಹಾಕಿ ಅಂದರು. ಯಾವುದನ್ನು ಹೊಡೆಯಲಿ? ನಾವು ಮಲಗುವುದು, ಹಬ್ಬ ಮಾಡುವುದು, ಮಕ್ಕಳು ಓದಲು ಕೂರುವುದು ಅಲ್ಲೇ. ದಿನಾ ಮಧ್ಯಾಹ್ನ ಹೊರಗಿನವರಿಗೆ ಎಲೆ ಹಾಕುವುದೂ ಅಲ್ಲೇ. ಅವತ್ತು ಆ ಜಾಗದಲ್ಲಿ ಹಿಡಿಸದೇ ಹೋದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಜೊತೆಗೆ ಒಂದು ಕೋರಿಕೆ ಇದೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಈ ಮನೆಗೆ ಸೊಸೆಯಾಗಿ ಬಂದವಳು. ತವರು ಅರೇಹಳ್ಳಿ ಕಡೆ. ಅದೇ ಬೇಲೂರು ತಾಲ್ಲೂಕೇ ಆದರೂ ಅಲ್ಲಿ ಕಾಫಿ, ಏಲಕ್ಕಿ, ಜಾಸ್ತಿ ಮಳೆ. ಇಲ್ಲಿ ಭತ್ತ, ರಾಗಿ, ಆಲೂಗಡ್ಡೆ. ಮದುವೆಯಾಗಿ ಬಂದ ಮೊದಲ ದಿನ ತಲೆಬಾಗಿಲು ಹಣೆಗೆ ಬಡಿಯಿತು. ನಮ್ಮ ಯಜಮಾನರ ಅಜ್ಜಿ ಅಲ್ಲೇ ಕೂತಿದ್ದರು. 'ಬಗ್ಗಿ ಬಾರಮ್ಮ, ಈ ಮನೆಗೆ ಮಹಾರಾಜರು ಬಂದರೂ ಬಗ್ಗಲೇಬೇಕು' ಅಂದರು. ಆ ಬಾಗಿಲ ಎತ್ತರ ಇವತ್ತಿಗೂ ಅಷ್ಟೇ ಇದೆ.

ನಮ್ಮದು ತೊಟ್ಟಿ ಮನೆ. ಬೀದಿಗೆ ಜಗಲಿ. ಒಳಗೆ ಬಂದರೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ನಾಲ್ಕೂ ಕಡೆ ಪಡಸಾಲೆ. ಅದರ ಹಿಂದೆ ನಡುಮನೆ, ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಲು. ಗೋಡೆ ಮಣ್ಣಿನದು. ಕಿಟಕಿಯಲ್ಲಿ ಒಬ್ಬರು ಕಾಲು ಮಡಚಿ ಕೂರಬಹುದು, ಗೋಡೆ ಅಷ್ಟು ದಪ್ಪ. ಮರದ ಕಂಬಗಳು ಕಲ್ಲಿನ ಮೇಲೆ ನಿಂತಿವೆ. ನೆಲದ ತೇವ ಮರಕ್ಕೆ ಹತ್ತಬಾರದು ಅಂತ ಹಾಗೆ ಮಾಡಿದ್ದಾರೆ. ಮಾಡಿಗೆ ಮೊದಲು ನಾಡಹೆಂಚು ಇತ್ತಂತೆ. ಆಮೇಲೆ ಮಂಗಳೂರು ಹೆಂಚು ಬಂತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚು ಅದು. ನಿಧಾನವಾಗಿ ಘಟ್ಟ ಹತ್ತಿ ನಮ್ಮ ಸೀಮೆಗೂ ಬಂತು. ಈಗ ಒಂದು ಹೆಂಚು ಒಡೆದರೆ ಅದೇ ಅಳತೆಯದು ಹುಡುಕಲು ಕೆಡವಿದ ಮನೆಗಳ ಹಿಂದೆ ಅಲೆಯಬೇಕು.

ಈ ಮನೆಯವರು ಮೊದಲಿನಿಂದ ಊಟ ಮಾರಿದವರಲ್ಲ. ಗದ್ದೆ ಇತ್ತು. ಗೇಣಿಗೆ ಕೊಟ್ಟಿದ್ದರು. ಸುಗ್ಗಿ ಆದ ಮೇಲೆ ಗಾಡಿಯಲ್ಲಿ ಭತ್ತ ಬರುತ್ತಿತ್ತು, ಕಣಜ ತುಂಬುತ್ತಿತ್ತು. ಚೈತ್ರದಲ್ಲಿ ತೇರಿಗೆ ಬರುವ ನೆಂಟರು, ನೆಂಟರ ನೆಂಟರು, ದಾರಿಯಲ್ಲಿ ಜೊತೆಯಾದವರು, ಎಲ್ಲರಿಗೂ ಇಲ್ಲೇ ಊಟ. ದುಡ್ಡಿನ ಮಾತೇ ಇಲ್ಲ. ಆದರೆ ಆ ಅಕ್ಕಿ ಬೇರೆಯವರ ಬೆವರಿನದು ಅನ್ನುವುದನ್ನು ನಾನು ಇಲ್ಲಿ ಮುಚ್ಚಿಡುವುದಿಲ್ಲ.

ಆಮೇಲೆ 1974ರ ಭೂಸುಧಾರಣೆ ತಿದ್ದುಪಡಿ ಬಂತು. ದೇವರಾಜ ಅರಸರ ಕಾಲ. ಆ ವರ್ಷದ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರು. ನಮ್ಮ ಕಡೆ ಅದಕ್ಕೆ 'ಡಿಕ್ಲರೇಷನ್ ಹಾಕೋದು' ಅಂತಲೇ ಹೆಸರು. ನಮ್ಮ ಗದ್ದೆ ಉಳುತ್ತಿದ್ದ ಗೌಡರೂ ಹಾಕಿದರು. ಗದ್ದೆ ಅವರದಾಯಿತು. ತಾತ ಕೋರ್ಟಿಗೆ ಹೋಗಲಿಲ್ಲ. 'ಉತ್ತವರಿಗೆ ಹೋಯ್ತು, ಇನ್ನೇನು' ಅಂದರಂತೆ. ಹಾಗಂದು ಆರು ತಿಂಗಳು ಜಗಲಿ ಬಿಟ್ಟು ಏಳಲಿಲ್ಲವಂತೆ.

ಎದ್ದವರು ಅಜ್ಜಿ. ಐದು ಮಕ್ಕಳು, ದೊಡ್ಡ ಮನೆ, ಖಾಲಿ ಕಣಜ. ಅವರಿಗೆ ಗೊತ್ತಿದ್ದದ್ದು ಅಡುಗೆ. ಗುಡಿ ನೋಡಲು ಬಂದವರು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ನೆರಳಿಗೆ ಕೂರುತ್ತಿದ್ದರು. 'ಇಲ್ಲಿ ಎಲ್ಲಾದರೂ ಊಟ ಸಿಗುತ್ತಾ ತಾಯಿ' ಅಂತ ಕೇಳುತ್ತಿದ್ದರು. ಒಂದು ದಿನ ಅಜ್ಜಿ 'ಇಲ್ಲೇ ಸಿಗುತ್ತೆ, ಕೂತ್ಕೊಳಿ' ಅಂದರು. ಅವತ್ತು ನಾಲ್ಕು ಜನ ಉಂಡರು. ಅನ್ನ, ತಿಳಿಸಾರು, ಹುರುಳಿಕಾಯಿ ಪಲ್ಯ, ಮಜ್ಜಿಗೆ. ಎಷ್ಟು ಕೇಳಬೇಕು ಅಂತ ಅಜ್ಜಿಗೆ ತಿಳಿಯಲಿಲ್ಲ. ಅವರೇ ಎಲೆಯ ಪಕ್ಕ ದುಡ್ಡಿಟ್ಟು ಎದ್ದು ಹೋದರು. ಅಜ್ಜಿ ಆ ದುಡ್ಡನ್ನು ಸಂಜೆಯವರೆಗೂ ಮುಟ್ಟಲಿಲ್ಲ. ಅನ್ನ ಮಾರಿದೆನಲ್ಲ ಅಂತ ಅತ್ತರಂತೆ. ನನಗೆ ಇದನ್ನು ಹೇಳಿದ್ದು ಅವರೇ. ಹೇಳುವಾಗಲೂ ಕಣ್ಣು ತುಂಬಿತ್ತು.

ಅಕ್ಕಿ ಕೊಳ್ಳಬೇಕಾಯಿತು. ಯಾರ ಹತ್ತಿರ ಕೊಳ್ಳುವುದು? ಅಜ್ಜಿ ಅದೇ ಗೌಡರಿಗೆ ಹೇಳಿ ಕಳಿಸಿದರು. ಗೌಡರು ಗಾಡಿಯಲ್ಲಿ ರಾಜಮುಡಿ ಅಕ್ಕಿ ತಂದರು. ಮೊದಲಿನ ಹಾಗೆಯೇ ಬಂದು ಜಗಲಿಯ ಕೆಳಗೆ ನಿಂತರು. ಮೊದಲೆಲ್ಲ ಅವರಿಗೆ ಜಗಲಿಯಲ್ಲೇ ಬಡಿಸುತ್ತಿದ್ದರು, ಒಳಗೆ ಕರೆಯುತ್ತಿರಲಿಲ್ಲ. ಈ ಊರಿನ ಎಷ್ಟೋ ಮನೆಗಳಲ್ಲಿ ಹಾಗೇ ಇತ್ತು. ಅದು ತಪ್ಪು, ನಮ್ಮ ಮನೆಯಲ್ಲೂ ಆ ತಪ್ಪು ನಡೆದಿದೆ. ಅವತ್ತು ಅಜ್ಜಿ ಅಕ್ಕಿ ಅಳೆಸಿಕೊಂಡು, ದುಡ್ಡು ಎಣಿಸಿ ಕೊಟ್ಟು, ಒಳಗೆ ಪಡಸಾಲೆಯಲ್ಲಿ ಎಲೆ ಹಾಕಿದರು. 'ಬನ್ನಿ ಗೌಡ್ರೇ, ಊಟಕ್ಕೆ ಕೂರಿ' ಅಂದರು. ಗೌಡರು ತುಂಬಾ ಹೊತ್ತು ಬಾಗಿಲಲ್ಲೇ ನಿಂತಿದ್ದರಂತೆ. ಆಮೇಲೆ ಬಗ್ಗಿ ಒಳಗೆ ಬಂದರು. ಅವತ್ತಿನಿಂದ ಈ ಮನೆಯಲ್ಲಿ ಒಂದೇ ಪಂಕ್ತಿ. ಈಗ ನಮಗೆ ಅಕ್ಕಿ ಕೊಡುವವರು ಆ ಗೌಡರ ಮೊಮ್ಮಗ. ನಾನು ಅವನನ್ನು ತಮ್ಮ ಅಂತಲೇ ಕರೆಯುತ್ತೇನೆ.

ಹೆಸರು ಬಂದದ್ದು 1978ರಲ್ಲಿ. ಆ ವರ್ಷದ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ. ಇಂದಿರಾ ಗಾಂಧಿ ನಿಂತಿದ್ದರು, ಎದುರಿಗೆ ವೀರೇಂದ್ರ ಪಾಟೀಲರು. ಹಾಸನದಿಂದ ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲೇ ನಾವಿದ್ದೇವೆ. ಜೀಪು, ಕಾರು, ಬಸ್ಸು ಸಾಲುಗಟ್ಟಿ ಬಂದವು. ಆ ಪಕ್ಷದವರು, ಈ ಪಕ್ಷದವರು, ಪೇಪರಿನವರು, ಪೊಲೀಸರು, ಎಲ್ಲರೂ ಇದೇ ತೊಟ್ಟಿ ಸುತ್ತ ಕೂತು ಉಂಡರು. ಅತ್ತೆ ಆಗ ಹೊಸ ಸೊಸೆ. ರಾತ್ರಿ ಹನ್ನೊಂದಕ್ಕೂ ಅಕ್ಕಿ ತೊಳೆದದ್ದು ನೆನಪಿದೆ ಅನ್ನುತ್ತಾರೆ. ಕೆಂಪು ಬಟ್ಟೆ ಹೊದಿಸಿದ ಲೆಕ್ಕದ ಪುಸ್ತಕದಲ್ಲಿ ಆ ತಿಂಗಳ ಪುಟಗಳಿಗೆ ಎಣ್ಣೆ, ಅರಿಶಿನ ಮೆತ್ತಿಕೊಂಡಿದೆ.

ಈ ಪುಸ್ತಕದ ವಿಷಯ ಯಾಕೆ ಹೇಳಿದೆ ಅಂದರೆ, ಮನೆ ಹಳೆಯದು ಅಂತ ತೋರಿಸಲು ನಾವು ಅದನ್ನೂ ಕೊಂಡೊಯ್ದೆವು. ಸ್ಮಾರಕದ ಸುತ್ತ ಹೊಸದಾಗಿ ಕಟ್ಟಬಾರದ ನಿಷೇಧಿತ ವಲಯದಲ್ಲಿ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡವಾದರೆ ದುರಸ್ತಿಗೆ ಅರ್ಜಿ ಹಾಕಬಹುದು. ಕಂದಾಯದ ರಸೀದಿ ತಂದೆವು. ಮಾವನ ಮದುವೆ ಫೋಟೋ ತಂದೆವು. ಹಿಂದೆ ಇದೇ ಕಂಬ, ಇದೇ ತೊಲೆ ಕಾಣುತ್ತದೆ. ಅಡುಗೆಮನೆ ಲೆಕ್ಕ ಮನೆಯ ವಯಸ್ಸಿಗೆ ಸಾಕ್ಷಿ ಆಗುತ್ತದೆ ಅಂತ ಅಜ್ಜಿ ಕನಸಲ್ಲೂ ಎಣಿಸಿರಲಿಕ್ಕಿಲ್ಲ.

ಊಟದ ವಿಷಯ ಬರೆಯದೆ ಇದ್ದರೆ ಈ ಮನೆಯ ಕಥೆ ಅರ್ಧವೇ ಆಗುತ್ತದೆ. ನಮ್ಮಲ್ಲಿ ಮೆನು ಕಾರ್ಡ್ ಇಲ್ಲ. ಆ ದಿನ ಏನಿದೆಯೋ ಅದು. ಮಾಗಿಯಲ್ಲಿ ಹಿದುಕವರೆ. ಸೊನೆ ಇರುವ ಅವರೆಕಾಯಿ ತಂದು, ಸುಲಿದು, ರಾತ್ರಿ ನೆನೆಸಿಟ್ಟು, ಬೆಳಗ್ಗೆ ಮನೆಯವರೆಲ್ಲ ಕೂತು ಒಂದೊಂದೇ ಕಾಳು ಹಿದುಕುತ್ತೇವೆ. ಆ ದಿನಗಳಲ್ಲಿ ಎಲ್ಲರ ಬೆರಳಿಗೂ ಅವರೆ ವಾಸನೆ. ಮಳೆಗಾಲದಲ್ಲಿ ಕಳಲೆ. ನನ್ನ ತವರಿನ ತೋಟದ ಬೇಲಿ ಬಿದಿರಿನದು, ಅಣ್ಣ ಕಳಿಸುತ್ತಾನೆ. ಕಳಲೆಯನ್ನು ಹೆಚ್ಚಿ ಮೂರು ದಿನ ನೀರಲ್ಲಿಡಬೇಕು, ದಿನಾ ನೀರು ಬದಲಿಸಬೇಕು. ಅದರಲ್ಲಿ ವಿಷ ಇರುತ್ತದೆ, ಆತುರ ಮಾಡುವ ಹಾಗಿಲ್ಲ. ಕೆಸುವಿನ ಸೊಪ್ಪಿಗೆ ಹುಣಸೆ ಕಡಿಮೆಯಾದರೆ ಗಂಟಲು ಕೆರೆಯುತ್ತದೆ. ಇದೆಲ್ಲ ಬರೆದಿಟ್ಟು ಕಲಿತದ್ದಲ್ಲ. ಅಜ್ಜಿ ಪಕ್ಕ ನಿಂತು ಕೈ ನೋಡಿ ಕಲಿತದ್ದು. ಅಕ್ಕಿ ರೊಟ್ಟಿಗೆ ಹಿಟ್ಟು ಬೇಯಿಸುವಾಗ ನೀರು ಎಷ್ಟು ಅಂತ ಕೇಳಿದರೆ ಅವರು 'ಹಿಟ್ಟು ಎಷ್ಟು ಕುಡಿಯುತ್ತೋ ಅಷ್ಟು' ಅನ್ನುತ್ತಿದ್ದರು. ಎರಡು ವರ್ಷ ಬೇಕಾಯಿತು ನನಗೆ ಅದು ಅರ್ಥವಾಗಲು.

ಒಂದು ಪಂಕ್ತಿಗೆ 24 ಎಲೆ. ಡಿಸೆಂಬರ್‌ನಲ್ಲಿ ಶಾಲೆ ಮಕ್ಕಳ ಪ್ರವಾಸದ ಬಸ್ಸುಗಳು ಬಂದಾಗ ಮೂರು ಪಂಕ್ತಿ, ನಾಲ್ಕು ಪಂಕ್ತಿ. ತೊಟ್ಟಿಯಲ್ಲಿ ಮಳೆ ಬೀಳುವುದನ್ನು ಮಕ್ಕಳು ಊಟ ಬಿಟ್ಟು ನೋಡುತ್ತಾರೆ. ಮನೆಯೊಳಗೆ ಮಳೆ ಬರುತ್ತೆ ಅಂತ ಒಂದು ಹುಡುಗಿ ಮೇಷ್ಟ್ರನ್ನು ಕೂಗಿ ಕರೆದಿದ್ದಳು. ನನಗೆ ಈ ಮನೆಯ ಮೇಲೆ ಪೂರ್ತಿ ಮನಸ್ಸು ಕೂತದ್ದು ಅವತ್ತೇ ಅನ್ನಿಸುತ್ತೆ.

ಈಗ ತೊಲೆಗೆ ಬರುತ್ತೇನೆ.

ಮೊದಲು ಅಡುಗೆ ಪೂರ್ತಿ ಸೌದೆ ಒಲೆಯಲ್ಲಿ. ಹೊಗೆ ಅಟ್ಟದ ಮೂಲಕ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಕಣ್ಣುರಿ, ಕೆಮ್ಮು, ಎಲ್ಲ ಇತ್ತು. ಅತ್ತೆಗೆ ಈಗಲೂ ಉಬ್ಬಸ ಇದೆ. ಹಾಗಾಗಿ ಗ್ಯಾಸ್ ಬಂದದ್ದು ಒಳ್ಳೆಯದೇ. ಆದರೆ ಆ ಹೊಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಹೆಂಚು ಹೊರುವ ಪಕಾಸೆ, ರೀಪು, ತೊಲೆಗಳನ್ನು ಒಣಗಿಸುತ್ತಿತ್ತು, ಹುಳ ಹತ್ತದ ಹಾಗೆ ನೋಡಿಕೊಳ್ಳುತ್ತಿತ್ತು. ಗ್ಯಾಸ್ ಬಂದು ಹತ್ತು ವರ್ಷದೊಳಗೆ ಅಟ್ಟದಿಂದ ಮರದ ಪುಡಿ ಉದುರಲು ಶುರುವಾಯಿತು. ಮೊದಲು ನಮಗೆ ಗೊತ್ತಾಗಲಿಲ್ಲ. ಬೆಳಗ್ಗೆ ಗುಡಿಸುವಾಗ ಹಳದಿ ಹಿಟ್ಟಿನ ಹಾಗೆ ಸಿಗುತ್ತಿತ್ತು, ಅಕ್ಕಿ ಹಿಟ್ಟೇ ಇರಬೇಕು ಅಂದುಕೊಂಡೆವು. ಈಗ ಒಂದು ಒಲೆಯನ್ನು ಚಿಮಣಿ ಇಟ್ಟು ಮತ್ತೆ ಹಚ್ಚುತ್ತೇವೆ, ಕಡುಬಿಗೆ ಮತ್ತು ಬಚ್ಚಲ ಹಂಡೆಗೆ. ಆದರೆ ಮೂಲೆಯ ಆ ಒಂದು ತೊಲೆ ಒಳಗೊಳಗೇ ಹೋಗಿತ್ತು.

ಇನ್ನೊಂದು ತಪ್ಪು ನಾವೇ ಮಾಡಿದ್ದು. ಮಾವ ಬಡಗಣ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಗಟ್ಟಿಯಾಗಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಮಾಡಿಸಿದರು. ಮಣ್ಣಿನ ಗೋಡೆ ನೀರು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡ ಬರುವುದಿಲ್ಲ. ಸಿಮೆಂಟು ಮುಚ್ಚಿಬಿಡುತ್ತದೆ. ತೇವ ಒಳಗೇ ನಿಂತು ಮಣ್ಣು ಮೆತ್ತಗಾಗುತ್ತದೆ. ಹೊರಗೆ ನೋಡಿದರೆ ನುಣ್ಣಗೆ, ತಟ್ಟಿದರೆ ಟೊಳ್ಳು. ಇದನ್ನು ಊರಿನವರಿಗೂ ಸೇರಿಸಿ ಹೇಳುತ್ತಿದ್ದೇನೆ. ನಿಮ್ಮ ಮನೆಯ ಮಣ್ಣಿನ ಗೋಡೆಗೆ ಸಿಮೆಂಟ್ ಹಾಕಿಸಬೇಡಿ. ಹಾಕಿಸಿದ್ದರೆ ಒಮ್ಮೆ ಬೆರಳಲ್ಲಿ ತಟ್ಟಿ ನೋಡಿ.

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ದಿನ ನಾವು ಬಂದವರಿಗೆಲ್ಲ ಪಾಯಸ ಬಡಿಸಿದೆವು. ಮನೆಯವರೆಲ್ಲರಿಗೂ ನಿಜವಾದ ಸಂತೋಷ ಆಗಿತ್ತು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ದೇವರಿಗೆ ಇವತ್ತಿಗೂ ದಿನಾ ಪೂಜೆ ನಡೆಯುತ್ತದೆ. ಗುಡಿಗೆ ಸಿಕ್ಕ ಕಾವಲಿನ ಬಗ್ಗೆ ನನಗೆ ಒಂದಿಷ್ಟೂ ತಕರಾರಿಲ್ಲ. ಪ್ರಾಚೀನ ಸ್ಮಾರಕಗಳ ರಕ್ಷಣೆಗಿರುವ 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಮಾಡಿ, ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಅಂತ ಮಾಡಿದ್ದಾರೆ. ಅದು ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಗೋಪುರದ ಮಗ್ಗುಲಿಗೇ ನಾಲ್ಕಂತಸ್ತಿನ ಲಾಡ್ಜು ಬಂದಿರುತ್ತಿತ್ತು, ಅಲ್ವಾ?

ನಮ್ಮ ಮನೆ ನಿಷೇಧಿತ ವಲಯದಲ್ಲಿದೆ. ಅಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಇರುವ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಬಹುದು. ಆದರೆ ಅದೇ ಕಾಯ್ದೆಯಲ್ಲಿ ದುರಸ್ತಿ ಬೇರೆ, ಮರುನಿರ್ಮಾಣ ಬೇರೆ. ನಿಷೇಧಿತ ವಲಯದಲ್ಲಿ ದುರಸ್ತಿಗೆ ದಾರಿ ಇದೆ, ಮರುನಿರ್ಮಾಣಕ್ಕೆ ಇಲ್ಲ. ಅಂದರೆ ನಮ್ಮ ಮನೆ ನಿಂತಿರುವವರೆಗೆ ಮಾತ್ರ ಅದನ್ನು ಉಳಿಸಿಕೊಳ್ಳಬಹುದು. ಬಿತ್ತು ಅಂದರೆ, ಅದೇ ಅಳತೆಯಲ್ಲಿ, ಅದೇ ಮಣ್ಣಿನಲ್ಲಿ ಕಟ್ಟುತ್ತೇವೆ ಅಂದರೂ ಆಗುವುದಿಲ್ಲ. ಇದು ನಮಗೆ ಮೊದಲು ಗೊತ್ತಿರಲಿಲ್ಲ. ಗೊತ್ತಾದ ದಿನ ನಮ್ಮ ಯಜಮಾನರು ರಾತ್ರಿಯೆಲ್ಲ ಪಡಸಾಲೆಯಲ್ಲಿ ಓಡಾಡಿದರು.

ಅರ್ಜಿಗೆ ಉತ್ತರ ಎಷ್ಟು ದಿನದಲ್ಲಿ ಕೊಡಬೇಕು ಅಂತ ಕಾಯ್ದೆಯಲ್ಲಿ ಲೆಕ್ಕ ಇದೆ. ಅರ್ಜಿ ಬಂದ 15 ದಿನದೊಳಗೆ ಮುಂದೆ ಕಳಿಸಬೇಕು. ಎರಡು ತಿಂಗಳೊಳಗೆ ಶಿಫಾರಸು ಬರಬೇಕು. ಅದಾದ ಮೇಲೆ ಒಂದು ತಿಂಗಳೊಳಗೆ ಅರ್ಜಿದಾರರಿಗೆ ತಿಳಿಸಬೇಕು. ನಾನು ಯಾರ ಮೇಲೂ ದೂರು ಹೇಳುತ್ತಿಲ್ಲ. ನಮ್ಮ ಅರ್ಜಿ ಯಾವ ಮೇಜಿನ ಮೇಲೂ ಸುಮ್ನೆ ಕೂತಿರಲಿಲ್ಲ. ಕೇಳಿದ ಕಾಗದ ಕೊಟ್ಟೆವು, ಬಂದು ನೋಡಿದವರು ಮರ್ಯಾದೆಯಿಂದ ಮಾತಾಡಿದರು, ಗಡುವಿನೊಳಗೇ ಅನುಮತಿಯೂ ಬಂತು. ಬಂದದ್ದು ಜುಲೈನಲ್ಲಿ.

ಜುಲೈನಲ್ಲಿ ಬೇಲೂರಿನಲ್ಲಿ ಹೆಂಚು ಬಿಚ್ಚುವವರು ಯಾರೂ ಇಲ್ಲ. ಒಂದು ತೊಲೆ ಬದಲಿಸಬೇಕಾದರೆ ಅದರ ಮೇಲಿನ ಹೆಂಚು, ರೀಪು, ಪಕಾಸೆ ಎಲ್ಲ ಇಳಿಸಬೇಕು. ಗೋಡೆಯ ತಲೆ ಆಕಾಶಕ್ಕೆ ತೆರೆದುಕೊಳ್ಳುತ್ತದೆ. ಮಣ್ಣಿನ ಗೋಡೆಯ ತಲೆಗೆ ಒಂದು ವಾರ ಜಿಟಿಜಿಟಿ ಮಳೆ ಬಿದ್ದರೆ ಸಾಕು. ನಮ್ಮ ಬಡಗಿಯವರಿಗೆ 70 ದಾಟಿದೆ. 'ಈಗ ಮುಟ್ಟಬೇಡಿ ತಾಯಿ, ದೀಪಾವಳಿ ಕಳೀಲಿ' ಅಂದರು. ಊರುಗೋಲು ಕೊಟ್ಟು, ಮೇಲೆ ನೀಲಿ ಟಾರ್ಪಾಲು ಕಟ್ಟಿ ಕಾದೆವು. ಆ ಕಡೆಯ ಎಲೆಗಳನ್ನು ತೆಗೆದೆವು. 24 ಎಲೆ 12 ಆಯಿತು.

ಆಗಸ್ಟ್‌ನಲ್ಲಿ ಒಂದು ರಾತ್ರಿ ಗಾಳಿಗೆ ಟಾರ್ಪಾಲು ಹಾರಿತು. ಬೆಳಗಿನ ಜಾವ ಸದ್ದಾಯಿತು. ಸಿಮೆಂಟ್ ಹಾಕಿದ್ದ ಅದೇ ಗೋಡೆ, ಎಂಟು ಅಡಿ ಉದ್ದಕ್ಕೆ ಕುಸಿದಿತ್ತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಒರಳುಕಲ್ಲು ಮಣ್ಣಿನಡಿ ಹೋಗಿತ್ತು. ನಾವೇ ತೋಡಿ ತೆಗೆದೆವು.

ಈಗ ನಮ್ಮ ಕೈಯಲ್ಲಿ ತೊಲೆ ಬದಲಿಸುವ ಅನುಮತಿ ಇದೆ. ಆ ತೊಲೆ ಕೂರಬೇಕಾದ ಗೋಡೆ ಇಲ್ಲ. ಎಂಟು ಅಡಿ ಗೋಡೆಯನ್ನು ಮತ್ತೆ ಎತ್ತುವುದು ದುರಸ್ತಿಯೋ, ಮರುನಿರ್ಮಾಣವೋ? ಕೇಳಿದ ಕಡೆಯೆಲ್ಲ ಬೇರೆ ಬೇರೆ ಉತ್ತರ ಬಂತು. ಬಾಯಿಮಾತಿನ ಉತ್ತರವನ್ನು ನಂಬಿ ನಾವು ಕೈಹಾಕುವಂತಿಲ್ಲ.

ಗುಡಿಯ ಕಥೆಯನ್ನೇ ಒಮ್ಮೆ ನೋಡಿ. ನಾವೆಲ್ಲ ಅದನ್ನು 900 ವರ್ಷದಿಂದ ಹಾಗೇ ನಿಂತಿದೆ ಅಂತ ಹೇಳಿಕೊಳ್ಳುತ್ತೇವೆ. ಅದು ಹಾಗೇ ನಿಂತದ್ದಲ್ಲ. ಜಾಲಂದ್ರದ ಗೋಡೆಗಳು ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದವು. 14ನೇ ಶತಮಾನದ ಕೊನೆಗೆ ವಿಜಯನಗರದವರು ಒಳಗೆ ಆಸರೆಗೆ ಕಂಬ ಕೊಟ್ಟರು. ಹಾಳಾಗಿದ್ದ ಮಹಾದ್ವಾರದ ಗೋಪುರವನ್ನು 1397ರಲ್ಲಿ ಮತ್ತೆ ಎಬ್ಬಿಸಿದರು. ಗರ್ಭಗುಡಿಯ ಮೇಲಿನ ಶಿಖರ ಕೆಳಗಿನ ಗುಡಿಗೇ ಭಾರವಾದಾಗ 1879ರಲ್ಲಿ ಅದನ್ನು ಇಳಿಸಿದರು. ಇಳಿಸಿದ್ದರಿಂದಲೇ ಉಳಿದದ್ದು ಉಳಿಯಿತು. ಗುಡಿಯ ಶಾಸನಗಳಲ್ಲಿ ದತ್ತಿಯ ಜೊತೆಗೆ ಜೀರ್ಣೋದ್ಧಾರದ ಮಾತೂ ಇದೆ. ಸರಿಯಾದ ಹೊತ್ತಿಗೆ ಯಾರೋ ಬಂದು ನೋಡಿದರು, ಕೈಹಾಕಿದರು. ಶಿಲಾಬಾಲಿಕೆಯರು ಇವತ್ತು ನಮ್ಮ ಕಣ್ಣಿಗೆ ಕಾಣುವುದು ಆ ದುರಸ್ತಿ ಮಾಡಿದವರ ಪುಣ್ಯದಿಂದ.

ನಮ್ಮ ಮನೆಯನ್ನು ಗುಡಿಗೆ ಹೋಲಿಸುವಷ್ಟು ದೊಡ್ಡ ಮಾತು ಆಡುತ್ತಿಲ್ಲ. ಆದರೆ ಗುಡಿಯ ಸುತ್ತ ಒಂದು ಊರು ಬದುಕಿದೆ. ದೇವರಿಗೆ ಹೂ ಕಟ್ಟುವ ಮನೆ, ತೇರಿನ ಹಗ್ಗ ಎಳೆಯುವ ಮನೆ, ಬಂದವರಿಗೆ ನೀರು, ಊಟ ಕೊಟ್ಟ ಮನೆ. ಒಂದೊಂದೇ ಖಾಲಿಯಾಗುತ್ತಿವೆ. ಬೆಂಗಳೂರಿನ ಬೀದಿ ಬೀದಿಯಲ್ಲಿ ಅಯ್ಯಂಗಾರ್ ಬೇಕರಿ ಇಟ್ಟವರಲ್ಲಿ ಹಾಸನದ ಕಡೆಯ ಹಳ್ಳಿಗಳಿಂದ ಹೋದವರು ಎಷ್ಟೋ ಜನ. ಅವರು ಅಲ್ಲಿ ಬೆಳೆದರು, ಸಂತೋಷ. ಇಲ್ಲಿ ಅವರ ಎಷ್ಟೋ ಮನೆಗಳ ಮಾಡು ಕುಳಿತಿದೆ. ನಮ್ಮ ಬೀದಿಯಲ್ಲೇ ನಾನು ಬಂದ ಮೇಲೆ ಆರು ತೊಟ್ಟಿ ಮನೆ ಹೋದವು. ಬಾಗಿಲು, ಕಂಬಗಳನ್ನು ಹಳೆ ಸಾಮಾನಿನವರು ಕೊಂಡುಹೋದರು. ಅವು ಈಗ ಎಲ್ಲೋ ರೆಸಾರ್ಟಿನಲ್ಲಿ ನಿಂತಿರಬಹುದು. ಅಲ್ಲಿಗೆ ಬಂದವರು 'ಹಳೆ ಕಾಲದ ಮನೆ' ಅಂತ ಫೋಟೋ ತೆಗೆಸಿಕೊಳ್ಳುತ್ತಿರಬಹುದು. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ನನ್ನ ಕೋರಿಕೆ ಇದು. ದುರಸ್ತಿ ಅರ್ಜಿಗೂ ಮಳೆಗೂ ಒಂದು ಲೆಕ್ಕ ಕೂಡಿಸಿ. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಬೇಲೂರಿನಲ್ಲೇ ಎರಡು ದಿನ ಕೂತು ಅರ್ಜಿ ತೆಗೆದುಕೊಳ್ಳಿ. ಮಳೆಯಿಂದ ಎಲ್ಲೆಲ್ಲಿ ಏನು ಹಾಳಾಗಿದೆ ಅನ್ನುವುದು ಆಗ ಕಣ್ಣಿಗೆ ಕಾಣುತ್ತದೆ. ನವೆಂಬರ್‌ನಲ್ಲಿ ಅರ್ಜಿ ಕೊಟ್ಟರೆ, ನಿಮ್ಮ ಗಡುವಿನ ಒಂದು ದಿನವನ್ನೂ ಕಡಿಮೆ ಮಾಡದೆ, ಶಿವರಾತ್ರಿ, ಯುಗಾದಿಯ ಹೊತ್ತಿಗೆ ಉತ್ತರ ಸಿಗುತ್ತದೆ. ಮುಂಗಾರಿಗೆ ಮೊದಲು ಎರಡು ತಿಂಗಳು ಬಿಸಿಲು ಕೈಯಲ್ಲಿರುತ್ತದೆ. ಹೆಂಚು ಕೈಯಾಡಿಸಲು, ತೊಲೆ ಏರಿಸಲು, ಗಾರೆ ಒಣಗಲು ಅಷ್ಟು ಸಾಕು. ಇದಕ್ಕೆ ಹೊಸ ಕಾನೂನು ಬೇಡ, ದುಡ್ಡೂ ಬೇಡ. ಕ್ಯಾಲೆಂಡರ್ ಬದಲಿಸಿದರೆ ಸಾಕು.

ಜೊತೆಗೆ ಒಂದು ಪುಟದಷ್ಟು ಕನ್ನಡದಲ್ಲಿ ಬರೆದುಕೊಡಿ. ಮಣ್ಣಿನ ಗೋಡೆಯ ಎಷ್ಟು ಭಾಗ ಬಿದ್ದರೆ ಅದು ಇನ್ನೂ ದುರಸ್ತಿ, ಎಲ್ಲಿಂದ ಮರುನಿರ್ಮಾಣ? ಮಧ್ಯರಾತ್ರಿ ಮೂಲೆ ಕುಸಿದರೆ ಬೆಳಗ್ಗೆ ನಾವು ಏನು ಮಾಡಬಹುದು, ಏನು ಮುಟ್ಟಬಾರದು? ನಮಗೆ ನಿಯಮ ಮೀರುವ ಆಸೆ ಇಲ್ಲ. ನಿಯಮ ಏನು ಅಂತ ನಮ್ಮ ಭಾಷೆಯಲ್ಲಿ ಗೊತ್ತಾದರೆ, ನಿಮಗಿಂತ ಮೊದಲು ನಾವೇ ಕಾಯುತ್ತೇವೆ. ಆ ವಾಸ-ವ್ಯಾಪಾರದ ಪ್ರಶ್ನೆಗೆ ಮೂರನೆಯ ಜಾಗ ಒಂದನ್ನು ಬಿಡಿ. ಮನೆಯವರೇ ಇದ್ದು, ಮನೆಯ ಅಡುಗೆಯನ್ನೇ ಬಡಿಸುವ ಮನೆ ಅಂತ. ಈ ಸೀಮೆಯಲ್ಲಿ ಅಂಥವರು ನಾವೊಬ್ಬರೇ ಅಲ್ಲ.

ಊರಿನವರಲ್ಲಿ ಒಂದು ಮಾತು. ಬೇಲೂರಿನಲ್ಲಿ ಮನೆ ಬಿಟ್ಟು ಹೊರಗಿರುವ ಅಣ್ಣಂದಿರೇ, ಅಕ್ಕಂದಿರೇ, ವರ್ಷಕ್ಕೊಮ್ಮೆ ತೇರಿಗೆ ಬಂದಾಗ ಬೀಗ ತೆಗೆದು ಒಮ್ಮೆ ಒಳಗೆ ಹೋಗಿ. ತಲೆ ಎತ್ತಿ ಮಾಡು ನೋಡಿ. ಒಂದು ಹೆಂಚು ಸರಿದಿದ್ದರೆ ಅದನ್ನು ಕೂರಿಸಲು ಹತ್ತು ನಿಮಿಷ ಸಾಕು. ಹತ್ತು ವರ್ಷ ಬಿಟ್ಟರೆ ಆ ಒಂದು ಹೆಂಚಿನ ಸಂದಿಯಿಂದಲೇ ಇಡೀ ಮನೆ ಹೋಗುತ್ತದೆ. ಬಡಗಿಯವರ ನಂಬರ್ ಬೇಕಿದ್ದರೆ ಮನೆಗೆ ಬನ್ನಿ, ಕೊಡುತ್ತೇನೆ. ಊಟ ಮಾಡಿಕೊಂಡು ಹೋಗಿ.

ನಮ್ಮ ಹೊಸ ತೊಲೆ ಸಿದ್ಧವಾಗಿದೆ. ತವರಿನಲ್ಲಿ ಗಾಳಿಗೆ ಬಿದ್ದ ಹಲಸಿನ ಮರವನ್ನು ಅಣ್ಣ ಕುಯ್ಯಿಸಿ ಕಳಿಸಿದ. ಹಿತ್ತಲಲ್ಲಿ ಇಟ್ಟಿಗೆಯ ಮೇಲಿಟ್ಟು, ಮೇಲೆ ತಗಡು ಮುಚ್ಚಿದ್ದೇವೆ. ಸಂಕ್ರಾಂತಿ ಹೊತ್ತಿಗೆ ಪೂರ್ತಿ ಒಣಗುತ್ತದೆ ಅಂದಿದ್ದಾರೆ ಬಡಗಿ. ಬಿದ್ದ ಗೋಡೆಯ ಮಣ್ಣನ್ನೂ ಚೆಲ್ಲಿಲ್ಲ. ಸಿಮೆಂಟಿನ ಚಕ್ಕೆ ಆರಿಸಿ ತೆಗೆದು, ರಾಶಿ ಮಾಡಿ ಇಟ್ಟಿದ್ದೇವೆ. ಅದೇ ಮಣ್ಣನ್ನು ತುಳಿದು ಅದೇ ಗೋಡೆ ಎತ್ತಬಹುದು. ನೀವು ಒಮ್ಮೆ ಬಂದು ಆ ಎಂಟು ಅಡಿ ಜಾಗ ನೋಡಿ, ಆಗುತ್ತದೋ ಇಲ್ಲವೋ ಬರೆದುಕೊಡಿ. ಮಧ್ಯಾಹ್ನ ಒಂದು ಗಂಟೆಯೊಳಗೆ ಬಂದರೆ 12 ಎಲೆಗಳಲ್ಲಿ ಒಂದು ನಿಮಗೆ.

ಇಂತಿ ನಮಸ್ಕಾರಗಳೊಂದಿಗೆ,
ಬೇಲೂರಿನ ಒಂದು ತೊಟ್ಟಿ ಮನೆಯ ಸೊಸೆ